ಮಂಡಕ್ಕಿ ತಿಂದ ಸಮುದ್ರ

ನಮ್ಮ ಅತ್ತೆಗೆ ಜನರ ಮೇಲೆ ಸಿಟ್ಟು ಬರುತ್ತಿತ್ತು, ಇಳಿಯುತ್ತಿತ್ತು. ನನ್ನ ಮೇಲಂತೂ ಬೆಳಗಿನ ಕಾಫಿಗೆ ಮುಂಚೆ ಬಂದು, ಕಾಫಿ ಕುಡಿದ ಮೇಲೆ ಇಳಿದುಬಿಡುತ್ತಿತ್ತು. ಆದರೆ ಪಾಚಿಯ ಮೇಲೆ ಅವರಿಗಿದ್ದದ್ದು ಸಿಟ್ಟಲ್ಲ, ಹಗೆ. ಬಚ್ಚಲ ಕಲ್ಲಿನ ಮೇಲೆ ಒಂದು ಹಸಿರು ಗೆರೆ ಕಂಡರೆ ಸಾಕು, ಸುಣ್ಣ ಹಾಕಿ ತಿಕ್ಕಿಸುತ್ತಿದ್ದರು. ಅಂಥವರ ಮಂಚದ ಪಕ್ಕದಲ್ಲೇ ಒಂದು ಮಳೆಗಾಲವಿಡೀ ಪಾಚಿ ಬೀಡುಬಿಟ್ಟಿತ್ತು. ಇಷ್ಟು ವರ್ಷಗಳ ಮೇಲೂ ಅದನ್ನು ನೆನೆದರೆ ಮೊದಲು ನಗು ಬರುತ್ತದೆ, ಅದರ ಹಿಂದೆಯೇ ಮೈ ಜುಮ್ಮೆನ್ನುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ದಾವಣಗೆರೆಯಲ್ಲಿ ಆಗ ಹತ್ತಿ ಮಿಲ್ಲುಗಳ ಸೈರನ್ನೇ ಗಡಿಯಾರ. ನನ್ನ ಯಜಮಾನರು ಅಂಥದೊಂದು ಮಿಲ್ಲಿನ ಬಣ್ಣದ ಖಾತೆಯಲ್ಲಿದ್ದರು. ಮನೆಯಲ್ಲಿ ಮೂರೇ ಜನ. ಅತ್ತೆ, ಅವರ ಒಬ್ಬನೇ ಮಗ, ಮದುವೆಯಾಗಿ ಬಂದು ಇನ್ನೂ ಸೀರೆಯ ಗಂಜಿ ಬಿಡದ ನಾನು.

ಆ ಮಗ ಚಿಕ್ಕವನಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದನಂತೆ. ಕೂಸು ಉಳಿದರೆ ಗೋಕರ್ಣಕ್ಕೆ ಹೋಗಿ ಸಮುದ್ರ ಸ್ನಾನ ಮಾಡುತ್ತೇನೆ ಎಂದು ಅತ್ತೆ ಹರಕೆ ಹೊತ್ತರು. ಕೂಸು ಉಳಿಯಿತು, ಶಾಲೆ ಮುಗಿಸಿತು, ಮೀಸೆ ಬಿಟ್ಟಿತು, ನನ್ನ ಕೊರಳಿಗೆ ತಾಳಿಯನ್ನೂ ಕಟ್ಟಿತು. ಸಮುದ್ರ ಮಾತ್ರ ಇದ್ದಲ್ಲೇ ಇತ್ತು. ವರ್ಷ ವರ್ಷವೂ ಏನಾದರೊಂದು ಅಡ್ಡ ಬರುತ್ತಿತ್ತು. ಮನೆಯಲ್ಲಿ ಹಾಲು ಒಡೆದರೂ ಅತ್ತೆ, "ಹರಕಿ ಹಂಗೇ ಉಳದೈತಲ್ಲ, ಅದಕ್ಕೇ" ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದ ಮಾತಲ್ಲ ಅದು. ಸಮುದ್ರ ತನಗಾಗಿ ಕಾದು ಕೂತಿದೆ, ಅದು ಬೇಸತ್ತು ಮುಖ ತಿರುಗಿಸಿದರೆ ತಾನು ಸಾಯುವಾಗ ಯಾವ ಮುಖ ಹೊತ್ತು ಹೋಗಲಿ ಎಂಬ ಹೆದರಿಕೆ ಅವರ ಎದೆಯೊಳಗೆ ನಿಜವಾಗಿಯೂ ಇತ್ತು.

ಆ ಬೇಸಿಗೆಯಲ್ಲಿ ಕಡೆಗೂ ಹೊರಡುವುದು ಗೊತ್ತಾಯಿತು. ಸಮುದ್ರಕ್ಕೆ ಹೋಗುವವರು ಮೊದಲು ಹೊಳೆಗೆ ಹೇಳಿ ಹೋಗಬೇಕು ಎಂದು ಅತ್ತೆ ಹಟ ಹಿಡಿದರು. ಅಮಾವಾಸ್ಯೆಯ ದಿನ ರೈಲು ಹತ್ತಿ ಹರಿಹರಕ್ಕೆ ಹೋದೆವು. ತುಂಗಭದ್ರೆಯಲ್ಲಿ ಮುಳುಗಿ ಎದ್ದರು, ಮಡಿಲಲ್ಲಿ ಕಟ್ಟಿಕೊಂಡಿದ್ದ ಮಂಡಕ್ಕಿಯನ್ನು ಹಿಡಿ ಹಿಡಿಯಾಗಿ ನೀರಿಗೆ ಎರಚಿದರು. ನಮ್ಮ ಕಡೆಯವರಿಗೆ ಹೊಳೆ ಸ್ನಾನ ಎಂದರೆ ಅದೂ ಸೇರಿದ್ದು. ಮೀನಿಗೆ ಮಂಡಕ್ಕಿ ಹಾಕದೆ ಮೆಟ್ಟಿಲು ಹತ್ತಿದರೆ ಮಿಂದದ್ದು ಲೆಕ್ಕಕ್ಕೇ ಇಲ್ಲ. ಮೀನುಗಳು ಬಾಯಿ ತೆರೆದು ಮೇಲೆ ಬಂದವು. ಅತ್ತೆ ಅವನ್ನು ನೋಡುತ್ತಾ ನಗುತ್ತಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಆ ಮೆಟ್ಟಿಲ ಮೇಲೆ ಪಾಚಿ ಇತ್ತು.

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಆವರಗೆರೆಯಿಂದ ಮೂಳೆ ಕಟ್ಟುವವರು ಬಂದು, ಸೊಪ್ಪು ಅರೆದು ಹಚ್ಚಿ, ಬಿದಿರ ದಬ್ಬೆ ಇಟ್ಟು ಬಿಗಿದರು. ದಸರೆಯ ತನಕ ಕಾಲು ನೆಲಕ್ಕೆ ಊರುವ ಹಾಗಿಲ್ಲ ಎಂದುಬಿಟ್ಟರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ಸಮುದ್ರಕ್ಕೆ ಹೊಂಟೋಳು ಹೊಳಿಯಾಗೆ ಬಿದ್ನಲ್ಲವ್ವ. ಸಮುದ್ರಕ್ಕೇ ನಾನು ಬರೋದು ಬ್ಯಾಡ ಅನ್ನಿಸೈತಿ" ಎಂದರು. ಗದರುವ ಅತ್ತೆಯನ್ನು ನಾನು ಸಹಿಸಬಲ್ಲವಳಾಗಿದ್ದೆ, ಸುಮ್ಮನಾದ ಅತ್ತೆಯನ್ನು ನೋಡುವುದು ನನ್ನಿಂದ ಆಗಲಿಲ್ಲ.

ಪಕ್ಕದ ಮನೆಯ ಸಾಹೇಬರು ಕುಮಟೆಯ ಕಡೆಯಿಂದ ಉಪ್ಪಿನ ಲಾರಿ ಓಡಿಸುತ್ತಿದ್ದರು. ಸಮುದ್ರದ ನೆಂಟಸ್ತಿಕೆ, ಉಪ್ಪಿಗೆ ಬಡತನ ಎನ್ನುತ್ತಾರಲ್ಲ, ನಮ್ಮದು ತಿರುವು ಮುರುವು. ಅವರ ದಯದಿಂದ ಉಪ್ಪಿಗೆ ಬರವಿರಲಿಲ್ಲ, ನೆಂಟಸ್ತಿಕೆಯೇ ಕುದುರುತ್ತಿರಲಿಲ್ಲ. ಅತ್ತೆಯನ್ನು ನೋಡಲು ಬಂದ ಸಾಹೇಬರು ಬಾಗಿಲಲ್ಲೇ ನಿಂತು ಹೇಳಿದರು.

"ಅಮ್ಮಾ, ಫಿಕರ್ ಮಾಡಬ್ಯಾಡ್ರಿ. ನೀವು ಹೋಗಾಕ ಆಗಲ್ಲ ಅಂದ್ರೆ ಅದನ್ನೇ ಕರ್ಕಂಡು ಬರ್ತೀನಿ."

ಮಾತಿಗೆ ಹೇಳಿದರೇನೋ ಎಂದುಕೊಂಡೆ. ಅತ್ತೆ ಮಾತ್ರ ಗೋಡೆಯ ಕಡೆಯಿಂದ ತಿರುಗಿದರು. ಲೋಹದ ಕೊಡದಲ್ಲಿ ತರಬೇಡಿ, ಉಪ್ಪು ನೀರಿಗೆ ಕಿಲುಬು ಬರುತ್ತದೆ ಎಂದು ಉಪ್ಪಿನಕಾಯಿಯ ಎರಡು ದೊಡ್ಡ ಜಾಡಿಗಳನ್ನು ಖಾಲಿ ಮಾಡಿಸಿ, ಬಿಸಿನೀರಲ್ಲಿ ತೊಳೆಸಿ ಕಳಿಸಿದರು. ಆ ಜಾಡಿಗಳನ್ನು ನನಗೆ ಮುಟ್ಟಲೂ ಕೊಡುತ್ತಿರಲಿಲ್ಲ ಅವರು.

ಮಳೆಗೆ ಮುಂಚಿನ ಕೊನೆಯ ಲಾರಿಯಲ್ಲಿ ಸಮುದ್ರ ಬಂತು. ಅತ್ತೆ ಮಲಗಿದಲ್ಲಿಂದಲೇ ನೋಡಲಿ ಎಂದು ಯಜಮಾನರು ಮಿಲ್ಲಿನಲ್ಲಿ ಬಿಸಾಡಿದ್ದ ಹಳೆಯ ಬ್ಯಾಟರಿಯ ಗಾಜಿನ ತೊಟ್ಟಿಯೊಂದನ್ನು ತಂದು, ನಾಲ್ಕಾರು ದಿನ ನೀರಲ್ಲಿ ನೆನೆಸಿ ತೊಳೆದಿಟ್ಟಿದ್ದರು. ಎರಡು ಕೊಡ ನೀರು ಹಿಡಿಯುವಂಥದು. ಅದನ್ನು ಮಂಚದ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟು ಒಂದು ಜಾಡಿಯನ್ನು ಬಗ್ಗಿಸಿದೆವು. ನೀರಿನ ಜೊತೆ ದಡ್ ಎಂದು ಒಂದು ಕಲ್ಲೂ ಬಿತ್ತು. ನೀರು ತುಳುಕದಿರಲಿ ಎಂದು ದಡದಲ್ಲಿ ಸಿಕ್ಕ ಕಲ್ಲನ್ನು ಸಾಹೇಬರು ಜಾಡಿಯೊಳಗೆ ಹಾಕಿಕೊಂಡು ಬಂದಿದ್ದರಂತೆ. ಎರಡನೆಯ ಜಾಡಿಯ ನೀರಿಗೆ ತೊಟ್ಟಿಯಲ್ಲಿ ಜಾಗ ಸಾಲಲಿಲ್ಲ. ಅದರ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಮುಚ್ಚಿ ಮಂಚದ ಕೆಳಗೆ ತಳ್ಳಿದೆ.

ಅತ್ತೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಮುಖ ಕಿವುಚಿಕೊಂಡರು, ಆಮೇಲೆ ನಕ್ಕರು. ಮೂರು ಬೊಗಸೆ ತಲೆಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅಲ್ಲಿಗೆ ಹರಕೆಯ ಅರ್ಧವಾದರೂ ತೀರಿತು ಎಂದು ನಾನು ನೀರು ಚೆಲ್ಲಲು ಎದ್ದೆ. ಆಗ ಕಲ್ಲಿನ ಒಂದು ಮಗ್ಗುಲಿಗೆ ಅಂಟಿಕೊಂಡಿದ್ದ ಕೆಂಪು ಗಂಟೊಂದು ಅಲುಗಿತು.

ಟೊಮೇಟೊ ಹಣ್ಣಿನ ಕೊಳೆತ ಹೋಳು ಎಂದುಕೊಂಡಿದ್ದೆ ನಾನು. ನಾವು ನೋಡುತ್ತಿದ್ದ ಹಾಗೆಯೇ ಅದರ ನೆತ್ತಿ ಬಿರಿಯಿತು. ಒಳಗಿನಿಂದ ಒಂದು ಎಸಳು, ಅದರ ಬೆನ್ನಿಗೆ ಮತ್ತೊಂದು, ಆಮೇಲೆ ಎಣಿಸಲಾಗದಷ್ಟು. ಸೇವಂತಿಗೆ ಅರಳುವುದಕ್ಕೆ ಒಂದಿಡೀ ದಿನ ಬೇಕು, ಇದು ಒಂದು ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಅರಳಿ, ತಾನೇ ತಾನಾಗಿ ಎಸಳುಗಳನ್ನು ಆಡಿಸತೊಡಗಿತು. ಗಾಳಿಯಿಲ್ಲದ ಕೋಣೆ ಅದು. ನನ್ನ ಕೈಯಲ್ಲಿದ್ದ ಚೆಂಬು ಹಾಗೇ ಉಳಿಯಿತು. ದೇವರ ಮನೆಯಲ್ಲೂ ನನಗೆ ಅಂಥ ಭಯಭಕ್ತಿ ಆವತ್ತಿನ ತನಕ ಬಂದಿರಲಿಲ್ಲ.

ಅತ್ತೆ ಪಿಸುಗುಟ್ಟಿದರು. "ಜೀವ ಐತೆ ಕಣೇ ಇದಕ್ಕೆ."

ಅಲ್ಲಿಂದ ಮುಂದೆ ಅದನ್ನು ಚೆಲ್ಲುವ ಮಾತೇ ಇಲ್ಲ. ಸಮುದ್ರವನ್ನು ಬಚ್ಚಲಿಗೆ ಚೆಲ್ಲುವುದುಂಟೆ? ಮನೆಗೆ ಬಂದ ನೆಂಟರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಅತ್ತೆಯ ತೀರ್ಮಾನ ಆಗಿಹೋಯಿತು. ಸಮುದ್ರ ತನ್ನನ್ನು ನೋಡಲು ಅರ್ಧ ದಾರಿ ಬಂದಿದೆ. ದಸರೆಯ ಮೇಲೆ ಘಟ್ಟದ ಲಾರಿ ಮತ್ತೆ ಶುರುವಾದಾಗ, ಕಾಲು ನೆಟ್ಟಗಾಗಿದ್ದರೆ, ಈ ಸೇವಂತಿಯನ್ನು, ಆ ಕೆಂಪು ಜೀವಕ್ಕೆ ಅತ್ತೆ ಇಟ್ಟ ಹೆಸರು ಅದು, ಜೀವಂತ ತೆಗೆದುಕೊಂಡು ಹೋಗಿ ಅದರ ಮನೆಗೆ ಬಿಟ್ಟು, ಅಲ್ಲೇ ಮಿಂದು ಬರಬೇಕು. ಅಷ್ಟರಲ್ಲಿ ಅದು ನಮ್ಮ ಮನೆಯಲ್ಲಿ ಸತ್ತರೆ ಹರಕೆ ಒಪ್ಪಿತವಾಗಲಿಲ್ಲ ಎಂದೇ ಅರ್ಥ. "ಕೊಂದು ತಂದೀಯಾ ಅಂತ ಕೇಳಿದ್ರೆ ಏನು ಹೇಳ್ಲಿ?" ಎಂದು ನನ್ನನ್ನೇ ಕೇಳಿದರು. ನಾನೂ ಸಮುದ್ರ ಕಂಡವಳಲ್ಲ, ಏನು ಹೇಳಲಿ.

ಸುದ್ದಿ ಓಣಿ ದಾಟಿ ಪಿ.ಜೆ. ಬಡಾವಣೆಯ ತನಕ ಹೋಯಿತು. ನಮ್ಮ ಮನೆಯಲ್ಲಿ ಸಮುದ್ರ ಇದೆಯೆಂದು ಹೆಂಗಸರು ಗುಂಪು ಗುಂಪಾಗಿ ಬಂದರು. ಬಂದವರೆಲ್ಲ ಸೆರಗು ಹೊದ್ದು ಕೈಮುಗಿದು, ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಕಲ್ಲಿನ ಮೇಲೆ ಹುಣಸೆ ಬೀಜದಷ್ಟು ಗಾತ್ರದ ಒಂದು ಶಂಖದ ಹುಳುವೂ ಇದೆಯೆಂದು ಮೊದಲು ಕಂಡದ್ದು ಅಂಥ ಒಬ್ಬ ಮುದುಕಿಗೆ. ನನ್ನ ಪಾಲಿಗೆ ದಿನವೂ ಹೊಸ ಸೋಜಿಗ. ನೀರು ಕೊಂಚ ಕೊಂಚವಾಗಿ ಇಳಿಯುತ್ತಿತ್ತು. ಸಾರು ಕುದಿದು ಬತ್ತಿದರೆ ಉಪ್ಪಾಗುತ್ತದೆ, ಆಗ ಹಾಕಬೇಕಾದ್ದು ಉಪ್ಪಲ್ಲ, ನೀರು ಎಂಬಷ್ಟು ಅಡುಗೆ ನನಗೆ ಬರುತ್ತಿತ್ತು. ಗಾಜಿನ ಹೊರಗೆ ಸುಣ್ಣದ ಗೆರೆ ಎಳೆದು, ಕಾಯಿಸಿ ಆರಿಸಿದ ಸಿಹಿನೀರನ್ನು ಆ ಗೆರೆಯ ತನಕ ಹಾಕುತ್ತಿದ್ದೆ.

ಪಾಚಿ ಮೊದಲು ಬಂದದ್ದು ಪಾಚಿಯ ವೇಷದಲ್ಲಲ್ಲ. ಗಾಜಿನ ಒಳಮೈಗೆ ಕಾಫಿಪುಡಿಯ ಧೂಳು ಕೂತ ಹಾಗೆ ಕಂದು ಬಣ್ಣ ಹತ್ತಿತು. ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ಮತ್ತೆ ಬಂತು. ಅದರ ಹಿಂದೆ ಕಲ್ಲಿನ ಮೇಲೆ ಹಸಿರು ಲೋಳೆಯೆದ್ದಿತು. ಆಮೇಲೆ ಕೂದಲು. ಎಳೆ ಎಳೆಯಾಗಿ, ಗೇಣುದ್ದ, ನೀರಲ್ಲಿ ತೇಲಾಡುವ ಹಸಿರು ಕೂದಲು. ಕೆಲವೇ ದಿನಗಳಲ್ಲಿ ಕಲ್ಲು ಎಲ್ಲಿದೆ, ಸೇವಂತಿ ಎಲ್ಲಿದೆ ತಿಳಿಯದಂತಾಯಿತು. ಎಳೆಗಳನ್ನು ಸರಿಸಿ ನೋಡಿದರೆ ಸೇವಂತಿ ಎಸಳುಗಳನ್ನೆಲ್ಲ ಒಳಗೆಳೆದುಕೊಂಡು ಮತ್ತೆ ಕೊಳೆತ ಟೊಮೇಟೊ ಆಗಿ ಕೂತಿತ್ತು.

ಅತ್ತೆಯ ಮುಖ ನೋಡಬೇಕಿತ್ತು. "ಹರಿಹರದಿಂದ ನನ್ನ ಬೆನ್ನು ಹತ್ತಿ ಬಂತೇನೇ ಇದು? ಕಾಲು ಮುರಿದಿದ್ದು ಸಾಲಲಿಲ್ಲ ಅಂತ ಹರಕೀನೂ ಮುರಿಯಾಕ ಬಂತಾ?" ಎಂದರು. ಆವತ್ತು ರಾಗಿ ಅಂಬಲಿಯನ್ನೂ ಮುಟ್ಟಲಿಲ್ಲ.

ಉಪಾಯ ಹೇಳುವವರಿಗೆ ಬರವೇ? ಒಬ್ಬರು ಸುಣ್ಣ ಎಂದರು, ಒಬ್ಬರು ಬೂದಿ, ಒಬ್ಬರು ಪಟಿಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪೈಕಿ ಎಲ್ಲರೂ. ಕೊನೆಗೆ ಯಜಮಾನರು ಮಿಲ್ಲಿನಿಂದ ಒಂದು ಪೊಟ್ಟಣ ತಂದು ಬಿಚ್ಚಿದರು. ಒಳಗೆ ಮೈಲುತುತ್ತದ ಹರಳುಗಳಿದ್ದವು, ನವಿಲ ಕೊರಳಿನ ನೀಲಿ.

"ಮಿಲ್ಲಿನ ನೀರಿನ ತೊಟ್ಟಿಗೆ ಇದನ್ನೇ ಹಾಕ್ತಾರೆ. ಒಂದು ಚಿಟಿಕೆ ಸಾಕು, ಪಾಚಿ ಅನ್ನೋದು ಹುಟ್ಟಿಲ್ಲ ಅನ್ನಿಸಿಬಿಡ್ತೈತೆ" ಎಂದರು.

ಅತ್ತೆ ಕೈ ಚಾಚಿದರು. ಅವರ ಕಣ್ಣಲ್ಲಿ ಆ ಹೊತ್ತು ಕಂಡ ಸಂತೋಷ ನನಗೆ ಹೆದರಿಕೆ ಹುಟ್ಟಿಸಿತು. ಮಿಲ್ಲಿನ ಆ ನೀರಿನ ತೊಟ್ಟಿಯ ಪಕ್ಕದಿಂದಲೇ ನಾನು ಯಜಮಾನರಿಗೆ ಬುತ್ತಿ ಕೊಡಲು ಹೋಗುತ್ತಿದ್ದದ್ದು. ಮೊದಲೆಲ್ಲ ಅಲ್ಲಿ ಕಪ್ಪೆಗಳ ಗದ್ದಲ ಕಿವಿಗೆ ಬೀಳುತ್ತಿತ್ತು.

"ಅಲ್ರೀ, ಆ ತೊಟ್ಟಿಯಾಗಿನ ಕಪ್ಪಿಗಳು ಎಲ್ಲಿ ಹೋದ್ವು?" ಎಂದು ಕೇಳಿದೆ.

ಯಜಮಾನರು ಪೊಟ್ಟಣವನ್ನು ಮತ್ತೆ ಮಡಚತೊಡಗಿದರು. ಅತ್ತೆ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ದಾರಿ ಮೈಲುತುತ್ತದಲ್ಲಿ ಇರಲಿಲ್ಲ. ಪೊಟ್ಟಣ ಬಂದ ದಾರಿಯಲ್ಲೇ ಮಿಲ್ಲಿಗೆ ಹೋಯಿತು.

ಉಳಿದದ್ದು ಕೈಕೆಲಸ. ಅದನ್ನು ಕಂಡುಹಿಡಿದದ್ದು ಅತ್ತೆಯೇ. ಹತ್ತಿಯ ಊರಿನ ಹೆಂಗಸು ಅವರು, ಬತ್ತಿ ಹೊಸೆಯುವುದರಲ್ಲಿ ಅವರ ಸರಿಗಟ್ಟುವವರಿರಲಿಲ್ಲ. ಪೊರಕೆಯಿಂದ ಒಂದು ಕಡ್ಡಿ ಹಿರಿದು ತೊಳೆದುಕೊಂಡು, ಮಲಗಿದಲ್ಲಿಂದಲೇ ಕೈ ಚಾಚಿ ನೀರಿಗಿಳಿಸಿ, ಎರಡು ಬೆರಳ ನಡುವೆ ತಿರುವಿದರು. ಹಸಿರು ಎಳೆಗಳು ಕಡ್ಡಿಗೆ ಸುತ್ತಿಕೊಂಡು, ಬುಡ ಬಿಟ್ಟು, ಒಂದೇ ಒಂದು ಬತ್ತಿಯಾಗಿ ಮೇಲೆ ಬಂದವು. ಸೇವಂತಿಯ ಒಂದು ಎಸಳಿಗೂ ಕಡ್ಡಿ ತಾಗಲಿಲ್ಲ. ನಾನು ಬೆರಗಾಗಿ ನಿಂತೆ. ಅತ್ತೆ ಬತ್ತಿಯನ್ನು ತಟ್ಟೆಯ ಮೇಲೆ ಜಾಡಿಸಿ, "ನಿನ್ನ ಮದುವಿ ಆರತಿಗೂ ಇಷ್ಟು ಚೆಂದದ ಬತ್ತಿ ಹೊಸೆದಿರಲಿಲ್ಲ ನೋಡು" ಎಂದರು. ಕಾಲು ಮುರಿದ ಮೇಲೆ ಅವರು ನನ್ನನ್ನು ಕೆಣಕಿದ್ದು ಅದೇ ಮೊದಲು.

ಆದರೆ ಬೆಳಗ್ಗೆ ಹೊಸೆದರೆ ಮರುದಿನಕ್ಕೆ ಮತ್ತೆ ಲೋಳೆ, ವಾರದೊಳಗೆ ಮತ್ತೆ ಕೂದಲು. ಆಷಾಢ ಕಳೆಯಿತು, ಶ್ರಾವಣ ಬಂತು. ಊರಲ್ಲಿ ಮಳೆಗಿಂತ ಮೋಡವೇ ಹೆಚ್ಚು, ಮೋಡಕ್ಕಿಂತ ಬಿಸಿಲೇ ಹೆಚ್ಚು. ಸೇವಂತಿ ಅರಳುವುದು ಅಪರೂಪವಾಯಿತು. ನೀರಿಗೆ ಒಂದು ಹುಳಿ ವಾಸನೆ ಬಂತು. ಒಂದು ದಿನ ಹಳೆಯ ನೀರು ಕೊಂಚ ತೆಗೆದು ಹೊಸತು ಹಾಕೋಣವೆಂದು ಮಂಚದ ಕೆಳಗಿನ ಜಾಡಿಯನ್ನು ಎಳೆದೆ. ಇಷ್ಟು ದಿನದ ನೀರು, ಇದೂ ಹಸಿರಾಗಿಯೇ ಇರುತ್ತದೆ ಎಂದುಕೊಂಡು ಮುಚ್ಚಳ ತೆಗೆದರೆ, ಒಳಗೆ ತಳದ ಬಿಳಿ ಕಾಣುವಷ್ಟು ತಿಳಿ.

ಒಂದೇ ದಿನ, ಒಂದೇ ಕಡಲಿಂದ ತುಂಬಿದ ಎರಡು ಜಾಡಿಗಳು. ಒಂದು ಕತ್ತಲಲ್ಲಿ ಕೂತು ತಿಳಿಯಾಗಿಯೇ ಉಳಿದಿತ್ತು. ಇನ್ನೊಂದು ಬಿಸಿಲಲ್ಲಿ ಕೂತು ಹಸಿರಾಗಿತ್ತು. ಕಿಟಕಿಗೆ ಆ ಗಳಿಗೆಯಲ್ಲೇ ನನ್ನ ಹಳೆಯ ಸೀರೆಯೊಂದನ್ನು ಇಳಿಬಿಟ್ಟೆ. ಸೂರ್ಯದೇವರನ್ನೂ ಸಮುದ್ರವನ್ನೂ ಒಟ್ಟಿಗೆ ನೋಡಿ ಕೈಮುಗಿಯುವ ಪುಣ್ಯ ತಪ್ಪಿತೆಂದು ಅತ್ತೆ ಗೊಣಗಿದರು. ಪಾಚಿಯ ಓಟ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಬಿಸಿಲೊಂದೇ ಕಾರಣವಲ್ಲ, ಅದಕ್ಕೆ ಊಟ ಎಲ್ಲಿಂದಲೋ ಸಿಗುತ್ತಿದೆ ಎಂದು ನನಗೆ ಅನ್ನಿಸತೊಡಗಿತು.

ಎಲ್ಲಿಂದ ಎಂದು ಗೊತ್ತಾದದ್ದು ಮಂಡಕ್ಕಿ ತರಲು ಹೋದಾಗ. ನಮ್ಮ ಓಣಿಯ ಹಿಂದೆಯೇ ಮಂಡಕ್ಕಿ ಭಟ್ಟಿಗಳಿದ್ದವು. ಹೊಗೆ, ಬಿಸಿ ಮರಳಿನ ವಾಸನೆ, ಚಟಪಟ ಸದ್ದು, ಇದೆಲ್ಲ ನನಗೆ ದಿನನಿತ್ಯದ್ದು. ಅಂದು ಭಟ್ಟಿಯ ಬಾಗಿಲಲ್ಲಿ ಸರದಿಗೆ ಕಾಯುತ್ತಾ ನಿಂತವಳ ಕಣ್ಣು ಚರಂಡಿಯ ಮೇಲೆ ಬಿತ್ತು. ಅಕ್ಕಿ ನೆನೆಹಾಕಿದ ಬಿಳಿ ನೀರು ಅಲ್ಲಿ ಹರಿಯುತ್ತದೆ. ಮೇಲಿನ ಮನೆಗಳ ಚರಂಡಿ ಕಪ್ಪಗಿತ್ತು. ಭಟ್ಟಿಯ ಅಕ್ಕಿ ನೀರು ಬಂದು ಸೇರುವ ಜಾಗದಿಂದ ಮುಂದೆ ಮಾತ್ರ ಕಲ್ಲು ಕಲ್ಲಿಗೂ ಹಸಿರು ಕೂದಲು, ನಮ್ಮ ತೊಟ್ಟಿಯಲ್ಲಿದ್ದ ಹಾಗೆಯೇ, ಗೇಣುದ್ದ.

ನಮ್ಮ ತೊಟ್ಟಿಗೂ ಅಕ್ಕಿಯದೇನೋ ಬೀಳುತ್ತಿರಬೇಕು ಎಂದು ಹೊಳೆದದ್ದೇ, ಸೇರು ಮಂಡಕ್ಕಿ ಅಳೆಯುತ್ತಿದ್ದವರನ್ನು ಹಾಗೇ ಬಿಟ್ಟು ಮನೆಗೆ ಓಡಿದೆ. ತೊಟ್ಟಿಗೆ ಮೊಣಕೈ ತನಕ ಕೈ ಹಾಕಿ ಕಲ್ಲನ್ನು ಸ್ವಲ್ಪ ಎತ್ತಿದೆ. ಅಡಿಯಲ್ಲಿ ಅನ್ನದಗುಳಿನ ಹಾಗೆ ಉಬ್ಬಿ ಕರಗುತ್ತಿದ್ದ ಮಂಡಕ್ಕಿ, ಒಂದು ಹಿಡಿಯಷ್ಟು. ಕಲ್ಲಿನ ಅಡಿಯ ಆ ಬಿಳಿ ಲೋಳೆಯ ಸುತ್ತಲೇ ಪಾಚಿ ಎಲ್ಲಕ್ಕಿಂತ ದಟ್ಟವಾಗಿ ಎದ್ದಿತ್ತು.

"ಅತ್ತೆ, ಇದು ಹೆಂಗೆ ಬಂತು?"

ಅತ್ತೆ ಸೀರೆಯ ಸೆರಗನ್ನು ಮುದುರಿ ಬೆನ್ನ ಹಿಂದೆ ಸರಿಸಿದರು. ಸೆರಗಿನ ಗಂಟಿನಿಂದ ಎರಡು ಮಂಡಕ್ಕಿ ಉದುರಿದವು.

"ಹಸಿದಿರಲ್ವೇನೇ ಅದು?" ಎಂದರು.

ದಿನಾ ಬೆಳಗ್ಗೆ ನಾನು ನೀರಿಗೆ ಹೋದಾಗ ಒಂದು ಚಿಟಿಕೆ. ನೋಡಲು ಬಂದ ಹೆಂಗಸರ ಕೈಗೂ ಪ್ರಸಾದ ಹಂಚಿದ ಹಾಗೆ ಒಂದೊಂದು ಚಿಟಿಕೆ, "ಹಾಕ್ರವ್ವ, ಹೊಳಿಗೆ ಹಾಕಿದಂಗೆ ಹಾಕ್ರಿ." ಸೇವಂತಿ ಮೊದಲ ದಿನಗಳಲ್ಲಿ ಎಸಳು ಚಾಚಿ ಕಾಳನ್ನು ಹಿಡಿದು ನಡುವಿಗೆ ಎಳೆದುಕೊಳ್ಳುತ್ತಿತ್ತಂತೆ. ಸಮುದ್ರ ತನ್ನ ಕೈಯಿಂದ ಉಣ್ಣುತ್ತಿದೆ ಎಂದು ಅತ್ತೆ ಹಿಗ್ಗಿದ್ದರು. ಅದು ಆಮೇಲೆ ಕಾಳನ್ನು ಹಾಗೇ ಹೊರಗೆ ಉಗಿದು ಕಲ್ಲಿನ ಹಿಂದಕ್ಕೆ ಬೀಳಿಸುತ್ತಿದ್ದದ್ದು ಮಲಗಿದವರಿಗೆ ಕಾಣುತ್ತಿರಲಿಲ್ಲ.

ಭಟ್ಟಿಯ ಚರಂಡಿಯ ವಿಷಯ ಹೇಳಿದೆ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅತ್ತೆಯ ಕಣ್ಣು ತುಂಬಿಬಂತು.

"ಅಂದ್ರೆ ಹರಿಹರದ ಮೆಟ್ಲ ಮೇಲಿನ ಪಾಚಿಗೂ ನಾವೇ ಉಣ್ಣಿಸಿದ್ದಾ?" ಎಂದರು.

ನನಗದು ಹೊಳೆದಿರಲಿಲ್ಲ. ಎಷ್ಟು ತಲೆಮಾರಿನ ಹೆಂಗಸರು ಆ ಮೆಟ್ಟಿಲ ಮೇಲೆ ನಿಂತು ಹಿಡಿ ಹಿಡಿ ಮಂಡಕ್ಕಿ ಎರಚಿದ್ದಾರೋ ಯಾರಿಗೆ ಗೊತ್ತು. ಮೀನು ತಿಂದು ಮಿಕ್ಕಿದ್ದೆಲ್ಲ ಎಲ್ಲಿ ಹೋಗಬೇಕು? ಅತ್ತೆಯ ಕೈಯನ್ನು ಹಿಡಿದುಕೊಂಡೆ. ಮರುಗಳಿಗೆಯಲ್ಲಿ ಇಬ್ಬರೂ ನಗುತ್ತಿದ್ದೆವು.

ಕಲ್ಲಿನ ಅಡಿಯ ಲೋಳೆಯನ್ನು ಚೆಂಬು ಚೆಂಬಾಗಿ ಮೊಗೆದು ತೆಗೆದೆ. ಸಮುದ್ರವನ್ನು ಬಚ್ಚಲಿಗೆ ಚೆಲ್ಲಬಾರದೆಂಬ ಆಜ್ಞೆ ಇತ್ತಲ್ಲ, ಹಿತ್ತಲ ತೆಂಗಿನ ಬುಡಕ್ಕೆ ಹಾಕಿದೆ, ತೆಂಗಿಗೆ ಉಪ್ಪು ಹಿತ. ತೆಗೆದಷ್ಟು ಜಾಗಕ್ಕೆ ಜಾಡಿಯ ತಿಳಿನೀರು ಸುರಿದೆ. ಮಂಡಕ್ಕಿ ನಿಂತಿತು. ಸೇವಂತಿ ಏನು ತಿನ್ನುತ್ತದೆ ಎಂಬ ಪ್ರಶ್ನೆಗೆ ಉತ್ತರ ಪಕ್ಕದ ಮನೆಯಿಂದ ಬಂತು. ಸಾಹೇಬರ ಹೆಂಡತಿಯನ್ನು ನಾನು ಭಾಭಿ ಎನ್ನುತ್ತಿದ್ದೆ. ಅವರು ಒಣ ಸೀಗಡಿಯ ಒಂದು ಎಳೆಯನ್ನು ಕಾಗದದಲ್ಲಿ ಸುತ್ತಿ ಸೆರಗಿನಡಿ ಮುಚ್ಚಿ ತಂದರು. ನಮ್ಮದು ಶುದ್ಧ ಸಸ್ಯಾಹಾರದ ಮನೆ.

"ಅಮ್ಮಾ, ನೀವು ಆ ಕಡೆ ನೋಡ್ರಿ" ಎಂದರು ಭಾಭಿ.

ಅತ್ತೆ ಗೋಡೆಯ ಕಡೆ ತಿರುಗಿ ಮೂಗಿಗೆ ಸೆರಗು ಹಿಡಿದರು. ಭಾಭಿ ಪೊರಕೆ ಕಡ್ಡಿಯ ತುದಿಯಿಂದ ಎಳೆಯನ್ನು ಇಳಿಸಿದರು. ಸೇವಂತಿ ಅದನ್ನು ಹಿಡಿದ ವೇಗ ನೋಡಿ ನಾನು ಬೆಚ್ಚಿಬಿದ್ದೆ. ಈ ಸಲ ಉಗಿಯಲಿಲ್ಲ. ಅತ್ತೆ ಗೋಡೆಯ ಕಡೆಯಿಂದಲೇ, "ತಿಂತಾ?" ಎಂದರು. ತಿಂತು ಎಂದೆ. "ಅದರ ಮನಿ ಊಟ ಅದಕ್ಕೆ. ನಾವು ಯಾರು ಬ್ಯಾಡ ಅನ್ನಾಕ" ಎಂದರು. ಆಮೇಲೆ ವಾರಕ್ಕೊಮ್ಮೆ ಭಾಭಿ ಬರುವುದು, ಅತ್ತೆ ತಿರುಗಿ ಮಲಗುವುದು ರೂಢಿಯಾಯಿತು. ಕೊನೆಕೊನೆಗೆ ಅತ್ತೆ ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದರು.

ಪಾಚಿ ಪೂರ್ತಿ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ. ಒಂದು ಬೆಳಗ್ಗೆ ಸೀರೆಯ ಪರದೆ ಗಾಳಿಗೆ ಸರಿದು ತೊಟ್ಟಿಯ ಹಿಂಭಾಗಕ್ಕೆ ಬಿಸಿಲಿನ ಒಂದು ಪಟ್ಟಿ ಬಿತ್ತು. ಅಲ್ಲಿ ಉಳಿದಿದ್ದ ಗಿಡ್ಡ ಹಸಿರಿನ ತುದಿ ತುದಿಗೂ ಸೂಜಿಮೊನೆಯಷ್ಟು ಬೆಳ್ಳಿ ಗುಳ್ಳೆಗಳು ಮೂಡಿದವು. ಮೂಡಿ, ದಪ್ಪವಾಗಿ, ಒಂದೊಂದಾಗಿ ಕಳಚಿಕೊಂಡು ಸಾಲಾಗಿ ಮೇಲೇರಿದವು. ಅದರ ನಡುವೆಯೇ ಶಂಖದ ಹುಳು ಗಾಜಿಗೆ ಬಾಯಿ ಹಚ್ಚಿ, ಪಾಚಿಯನ್ನು ಮೆಲ್ಲುತ್ತಾ, ತನ್ನ ಹಿಂದೆ ಸ್ವಚ್ಛವಾದ ದಾರಿಯೊಂದನ್ನು ಬಿಡುತ್ತಾ ಸಾಗುತ್ತಿತ್ತು. ಅತ್ತೆ ನನ್ನನ್ನು ಕರೆದರು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು.

"ಉಸಿರಾಡ್ತೈತೆ ಕಣೇ ಪಾಚಿ" ಎಂದರು ಅತ್ತೆ. ಸೇವಂತಿ ಆ ಗುಳ್ಳೆಗಳ ಕೆಳಗೆ ಎಂದಿಗಿಂತ ಅಗಲವಾಗಿ ಅರಳಿತ್ತು. "ಆ ಹಿಂದಿನ ಗೋಡಿದು ಹಂಗೇ ಇರ್ಲಿ ಬಿಡು. ಮುಂದಿನದು ಮಾತ್ರ ಹೊಸೀತೀನಿ."

ಹಗೆಯ ಜೊತೆ ಅವರು ಮಾಡಿಕೊಂಡ ರಾಜಿ ಅದು. ನನಗಂತೂ ಆ ಬೆಳಗಿನಿಂದ ಪಾಚಿಯನ್ನು ಕೊಳೆ ಎಂದು ಕರೆಯಲು ಮನಸ್ಸು ಬಂದಿಲ್ಲ.

ದಸರೆ ಮುಗಿಯಿತು. ಮೂಳೆ ಕಟ್ಟಿದವರು ಬಂದು ದಬ್ಬೆ ಬಿಚ್ಚಿ, ಕೋಲು ಹಿಡಿದು ನಡೆಯಬಹುದೆಂದರು. ಸಾಹೇಬರ ಲಾರಿಯ ಮುಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ನಾನು. ಯಜಮಾನರು ಹಿಂದೆ ಹತ್ತಿ ಬಟ್ಟೆಯ ಬೇಲುಗಳ ಮೇಲೆ. ಕಲ್ಲು, ಸೇವಂತಿ, ಶಂಖದ ಹುಳು ಇದ್ದ ಜಾಡಿ ಅತ್ತೆಯ ತೊಡೆಯ ಮೇಲೆ. ಘಟ್ಟದ ತಿರುವು ತಿರುವಿಗೂ ಅವರು ಜಾಡಿಯನ್ನು ಅಪ್ಪಿ ಹಿಡಿದು, "ಬಂತು, ಬಂತು, ನಿಮ್ಮ ಮನಿ ಬಂತು" ಎಂದು ಅದಕ್ಕೆ ಹೇಳುತ್ತಿದ್ದರು.

ಗೋಕರ್ಣದಲ್ಲಿ ನಾವು ತಲುಪಿದ ಹೊತ್ತಿಗೆ ನೀರು ಹಿಂದಕ್ಕೆ ಸರಿದಿತ್ತು. ಮೊದಲು ಸದ್ದು ಕೇಳಿಸಿತು, ಆಮೇಲೆ ಬಂಡೆಗಳ ಸಾಲು ದಾಟಿ ಅದು ಕಂಡಿತು. ಅದನ್ನು ವರ್ಣಿಸಲು ನಾನು ಹೋಗುವುದಿಲ್ಲ. ಎರಡು ಕೊಡ ನೀರನ್ನು ಸಮುದ್ರವೆಂದು ಕೈಮುಗಿದಿದ್ದವಳು ನಾನು, ಮರಳಲ್ಲೇ ಕೂತುಬಿಟ್ಟೆ. ಅತ್ತೆ ಕೂರಲಿಲ್ಲ. ಕೋಲು ಊರಿ ನಿಂತು ನೀರನ್ನಲ್ಲ, ಬಂಡೆಗಳನ್ನು ನೋಡುತ್ತಿದ್ದರು.

ಮಳೆಗಾಲ ಕಳೆದ ಬಂಡೆಗಳು. ಈ ತುದಿಯಿಂದ ಆ ತುದಿಯ ತನಕ, ಕಣ್ಣು ಹೋದಷ್ಟು ದೂರ, ಹಸಿರು. ಲೋಳೆ, ಕೂದಲು, ಹಾಳೆ, ನಮ್ಮ ತೊಟ್ಟಿಯಲ್ಲಿ ಕಂಡಿದ್ದು, ಕಾಣದಿದ್ದದ್ದು. ಅಲೆ ಬಂದಾಗ ಅದಷ್ಟೂ ಒಟ್ಟಿಗೆ ಎದ್ದು ಬಾಗುತ್ತಿತ್ತು.

"ಅಯ್ಯೋ ನನ್ನವ್ವ, ಇದನ್ನೆಲ್ಲ ಹೊಸೆಯೋರು ಯಾರೇ?" ಎಂದರು ಅತ್ತೆ.

ನಾನು ನಕ್ಕೆ. ಅವರು ನಗಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ನಾವು ಒಂದು ಮಳೆಗಾಲವಿಡೀ ಸಮುದ್ರದ ಮೈಯಿಂದ ಸಮುದ್ರವನ್ನೇ ಕಿತ್ತು ತೆಗೆಯುತ್ತಿದ್ದೆವು, ಅದು ಪಾಪ ಸುಮ್ಮನೆ ತೆಗೆಸಿಕೊಂಡಿತ್ತು.

ಬಂಡೆಗಳ ನಡುವಿನ ಒಂದು ಗುಂಡಿಯಲ್ಲಿ ಕಲ್ಲನ್ನು ಇಳಿಸಿದೆವು. ಒಳಗೆ ನೋಡಿದರೆ ಅಂಥದೇ ಸೇವಂತಿಗಳು, ಎಣಿಸಲಾರದಷ್ಟು, ಎಲ್ಲ ಅರಳಿಕೊಂಡು. ನಮ್ಮದು ಒಂದು ಗಳಿಗೆ ಮುದುರಿಕೊಂಡಿತ್ತು, ಆಮೇಲೆ ನೆತ್ತಿ ಬಿರಿಯಿತು. ಅಲೆಯೊಂದು ಬಂದು ಹೋದ ಮೇಲೆ ಅದು ಯಾವುದು, ಉಳಿದವು ಯಾವುವು ಎಂದು ನಮಗೆ ಗುರುತು ಸಿಗಲಿಲ್ಲ.

ಸ್ನಾನಕ್ಕೆ ಇಳಿಯಬೇಕಾದರೆ ಆ ಹಸಿರು ಬಂಡೆಯ ಮೇಲೇ ಹೆಜ್ಜೆ ಇಡಬೇಕಿತ್ತು. ಮರಳಿನ ಕಡೆಯಿಂದ ಬಳಸಿ ಹೋಗೋಣ ಎಂದು ಯಜಮಾನರು ಕೈ ಹಿಡಿದರು. ಅತ್ತೆ ಕೋಲನ್ನು ಮಗನ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ, ಪಾಚಿಯ ಮೇಲೇ ಕೂತರು. ಅಂಗೈಯಲ್ಲಿ ಅದನ್ನು ಒಮ್ಮೆ ಸವರಿದರು.

"ಜಾರಿದ್ರೆ ಜಾರಲಿ ಬಿಡು. ಈ ಸಲ ಸಮುದ್ರಕ್ಕೇ ಜಾರ್ತೀನಿ" ಎಂದರು.

ಕೂತಂತೆಯೇ ಸರಿದು ಸರಿದು ನೀರಿಗಿಳಿದರು. ನಾನು ಒಂದು ಕಡೆ, ಅವರ ಮಗ ಒಂದು ಕಡೆ ರಟ್ಟೆ ಹಿಡಿದಿದ್ದೆವು. ಅಲೆ ಬಂದು ಮೂವರ ತಲೆಯ ಮೇಲೂ ಹಾದುಹೋಯಿತು. ಉಸಿರು ತಿರುಗಿದಾಗ ಅತ್ತೆ ನಗುತ್ತಿದ್ದರು, ಬಾಯಿ ತುಂಬ ಉಪ್ಪು. ಮಡಿಲಿಗೆ ಕೈ ಹಾಕಿ ಒದ್ದೆಯಾದ ಗಂಟೊಂದನ್ನು ಬಿಚ್ಚಿದರು. ದಾವಣಗೆರೆಯಿಂದ ಬಚ್ಚಿಟ್ಟುಕೊಂಡು ಬಂದಿದ್ದ ಮಂಡಕ್ಕಿ. ಹಿಡಿ ತುಂಬಿಕೊಂಡು ಕೈ ಎತ್ತಿದವರು ಅಷ್ಟಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು. ಆ ಮನೆಗೆ ನಾನು ಬಂದ ಮೇಲೆ ಅವರು ನನ್ನನ್ನು ಅಪ್ಪಣೆ ಕೇಳಿದ್ದು ಅದೊಂದೇ ಸಲ.

"ಇಲ್ಲಿ ಹಾಕಬಹುದೇನೇ?"

"ಹಾಕ್ರಿ ಅತ್ತೆ" ಎಂದೆ.